ಯುದೆಲ್ಕಾಳ ಬಣ್ಣ

ಮೊದಲು ಹೊರಬಂದದ್ದು ಆಕಾಶ, ಬೆರಳಗಲದ ನೀಲಿ ಪಟ್ಟಿ, ಆಮೇಲೆ ಪೆಟ್ಟಿಗೆಯೊಳಗೆ ಗರ್ರ್ ಎಂದು ಏನೋ ಆಚೆಯಿಂದ ಈಚೆಗೆ ಓಡಿತು, ಇನ್ನೊಂದು ಪಟ್ಟಿ, ಅದೂ ಆಕಾಶವೇ — ಇಷ್ಟು ನಿಧಾನವೆಂದು ಗೊತ್ತಿದ್ದರೆ ಕುರ್ಚಿ ಕೇಳುತ್ತಿದ್ದೆ, ದೋನ್ ಫೆಯೊನ ಸ್ಟುಡಿಯೊದಲ್ಲಿ ಫೋಟೊ ಪರದೆಯ ಹಿಂದೆಲ್ಲೋ ತಯಾರಾಗಿ ಲಕೋಟೆಯಲ್ಲಿ ಬರುತ್ತಿತ್ತು, ಇಲ್ಲಿ ಕಣ್ಣೆದುರಿಗೇ, ಹೆರಿಗೆಯ ಹಾಗೆ, ಮೊದಲು ತಲೆ ಬರುತ್ತದೆ — ಬೇಡ ಎರ್ಸಿಲಿಯಾ, ಆ ಕಡೆ ಹೋಗಬೇಡ, ಪ್ರಿಂಟರ್ ಕೊಳ್ಳಲು ಬಂದಿದ್ದೀಯ, ಪ್ರಿಂಟರ್ ನೋಡು. ಒಳ್ಳೇ ಕಾಗದದ ಮೇಲೆ ಹೀಗೇ ಬರೋದು ದೊನ್ಯಾ, ಅವಸರ ಮಾಡಿದ್ರೆ ಗೆರೆ ಗೆರೆ ಬೀಳತ್ತೆ, ಎನ್ನುತ್ತಾಳೆ ನೂರಿಸ್, ಈ ಅಂಗಡಿಯವಳು, ಹೆಸರು ಹಿಡಿಯದೆ ಮರ್ಯಾದೆಯಿಂದ ದೊನ್ಯಾ ಎಂದೇ ಕರೆಯುವವಳು, ಹದಿನೈದು ವರ್ಷದಿಂದ ಪ್ರತಿ ಶನಿವಾರ ನನ್ನ ಪಾರ್ಲರಿಗೆ ಬಂದು ಗುಂಗುರು ಕೂದಲನ್ನು ನೆಟ್ಟಗೆ ಮಾಡಿಸಿಕೊಳ್ಳುವವಳು, ಅದಕ್ಕೇ ಮಾರುವ ಮೊದಲೇ ಡಬ್ಬ ಬಿಚ್ಚಿ ಶಾಯಿ ತುಂಬಿಸಿ ತೋರಿಸುತ್ತಿದ್ದಾಳೆ, ಬೇರೆಯವರಿಗಾಗಿದ್ದರೆ ಚಿತ್ರ ತೋರಿಸಿ ಕಳಿಸುತ್ತಿದ್ದಳು. ನೀವು ನನ್ ಕಿವಿ ಸುಟ್ಟಾಗೆಲ್ಲ ಬಾಯ್ ಮುಚ್ಕೊಂಡು ಕೂತಿರ್ಲಿಲ್ವಾ ನಾನು, ಈಗ ನೀವೂ ಸ್ವಲ್ಪ ತಡ್ಕೊಳ್ಳಿ, ಎಂದು ನಗಿಸಲು ನೋಡುತ್ತಾಳೆ. ಮೊದಲು ನೋಡಿದ್ದು ಅಗ್ಗದ್ದನ್ನು, ನಾಲ್ಕೂವರೆ ಸಾವಿರ ಪೆಸೊ, ಮೂರು ಬಣ್ಣ ಒಂದೇ ಡಬ್ಬಿಯಲ್ಲಿ, ಕೆಂಪು ಮುಗಿದರೆ ಉಳಿದ ಎರಡನ್ನೂ ಅದರ ಜೊತೆಗೇ ಎಸೆಯಬೇಕಂತೆ, ಅದರಲ್ಲಿ ತೆಗೆದ ಹಾಳೆ ಮೇಜಿನ ಮೇಲೆ ಕವುಚಿ ಬಿದ್ದಿದೆ, ನಾನೇ ಕವುಚಿದ್ದು, ಅದರಲ್ಲಿ ನನ್ನ ಮಗಳು ಹಸಿರು, ಜ್ವರದ ಐದನೇ ದಿನ ತುಟಿಯ ಸುತ್ತ ಇದ್ದ ಹಸಿರು. ಈಗ ಗರ್ರ್ ಎನ್ನುತ್ತಿರುವುದು ಶಾಯಿಯನ್ನು ಬಾಟಲಿಯಿಂದ ಹೊಯ್ಯುವಂಥದ್ದು, ಹನ್ನೆರಡು ಸಾವಿರ, ನನ್ನ ಹತ್ತಿರ ಇರುವುದೂ ಅಷ್ಟೇ, ಅದರಾಚೆಯದು ಆರು ಬಣ್ಣದ್ದು, ಅದರತ್ತ ನೋಡುವುದೂ ಬೇಡ. ಇದರಲ್ಲಿ ಬಣ್ಣ ಸರಿಯಾಗಿ ಬರಬೇಕು. ಶನಿವಾರ ಮಗಳು ಹೋದ ವರ್ಷದ ಪ್ರಾರ್ಥನೆ, ಬಿಳಿ ಬಟ್ಟೆ ಹಾಸಿದ ಮೇಜು, ಮೇಣದ ಬತ್ತಿ, ನಡುವೆ ಯುದೆಲ್ಕಾ, ಈ ಸಲ ಅವಳದೇ ಬಣ್ಣದಲ್ಲಿ, ಇದೊಂದನ್ನಾದರೂ ಅವಳಿಗೆ ಮಾಡಿಕೊಡಬೇಕು.

ಮತ್ತೊಂದು ಪಟ್ಟಿ, ನೀಲಿಯೊಳಗೆ ಕಪ್ಪು ಸುರುಳಿಗಳು, ಕೂದಲು ಬಂತು, ಒದ್ದೆ ಕೂದಲು, ಸೊಸುವಾದ ಕಡಲಿನಿಂದ ಆಗಷ್ಟೇ ಎದ್ದು ಬಂದದ್ದು, ಕೈಯಲ್ಲಿ ಕರಿದ ಮೀನಿನ ತಟ್ಟೆ ಇದೆ, ಅದಿನ್ನೂ ಬಂದಿಲ್ಲ — ಆ ಭಾನುವಾರ ನನ್ನ ಮೊಬೈಲಿಗೆ ಕಳಿಸಿದ್ದಳು, ಕೆಳಗೆ ಬರೆದಿದ್ದಳು, ಅಮ್ಮ ಎನ್ನುವ ಬದಲು ಮಾಮಿ ಎಂದೇ ಅನ್ನುವವಳು, ಮಾಮಿ, ನೋಡು, ಬಿಸಿಲಲ್ಲಿ ಕಬ್ಬಿನ ಪಾಕದ ಹಾಗಾಗಿದೀನಿ, ಇದನ್ನ ಮಾತ್ರ ನಿನ್ ಫೆಯೊ ಕೈಗೆ ಕೊಡ್ಬೇಡ, ಅವ್ನು ನನ್ನ ಹಾಲಲ್ಲಿ ಅದ್ದಿ ತೆಗೀತಾನೆ. ನಾನು ಏನು ಬರೆದೆ, ನೆರಳಲ್ಲಿ ನಿಂತ್ಕೊ ಮಗಳೇ ಎಂದು ಬರೆದೆ, ಇನ್ನೇನೂ ಬರೆಯಲಿಲ್ಲ, ಮೊಬೈಲ್ ತೆರೆದು ನೋಡಿದರೆ ಅದು ಇನ್ನೂ ಹಾಗೇ ಇದೆ, ನೆರಳಲ್ಲಿ ನಿಂತ್ಕೊ. ನಮ್ಮ ಲಾ ವೇಗಾದಲ್ಲಿ ಯಾರ ಮನೆಯ ಗೋಡೆಯನ್ನಾದರೂ ನೋಡಿ, ಮದುವೆ, ದೀಕ್ಷಾಸ್ನಾನ, ಹುಡುಗಿಯರ ಹದಿನೈದರ ಹುಟ್ಟುಹಬ್ಬ, ಎಲ್ಲರೂ ಗೋಧಿ ಬಣ್ಣ, ಎಲ್ಲರೂ ದೋನ್ ಫೆಯೊನ ಮಕ್ಕಳ ಹಾಗೆ, ಅವನು ಕೇಳುವುದೂ ಇಲ್ಲ, ಕಾಫಿಗೆ ಸಕ್ಕರೆ ಹಾಕುವ ಹಾಗೆ ಮುಖಕ್ಕೆ ಬಿಳುಪು ಹಾಕಿಬಿಡುತ್ತಾನೆ, ಅದು ಮರ್ಯಾದೆ. ಆದರೆ ನನ್ನ ಮಗಳ ವಿಷಯದಲ್ಲಿ ಅವನಾಗಿ ಹಾಕಿದ್ದಲ್ಲ, ಅವಳ ಹದಿನೈದರ ದಿನ, ಗುಲಾಬಿ ಗೌನಿನಲ್ಲಿ ಅವಳು ಸ್ಟೂಲಿನ ಮೇಲೆ ಕೂತಿದ್ದಾಗ, ನಾನೇ ಅವನ ಕಿವಿಯ ಹತ್ತಿರ ಹೋಗಿ ಹೇಳಿದ್ದು, ದೋನ್ ಫೆಯೊ, ಹುಡುಗೀನ ಸ್ವಲ್ಪ ಬೆಳಗಿಸಿ. ಮೆಲ್ಲಗೆ ಹೇಳಿದೆ ಎಂದುಕೊಂಡಿದ್ದೆ. ಫೋಟೊ ಬಂದ ದಿನ ಅವಳು ನೋಡಿ, ಗೌನ್ ನಂದೇ, ಒಳಗಡೆ ಇರೋಳು ಯಾರು ಮಾಮಿ, ನಿಂಗೆ ಬೇಕಾಗಿದ್ ಮಗಳಾ, ಅಂದಳು, ನಗುತ್ತಲೇ ಅಂದಳು, ನಾನೂ ನಕ್ಕು ಬಾಯಿಬಡುಕಿ ಎಂದು ಬೈದೆ, ಆಮೇಲೆ ನಾಲ್ಕು ವರ್ಷ ಯಾರು ಮೊಬೈಲ್ ಎತ್ತಿದರೂ ಕೈಯಿಂದ ಮುಖ ಮುಚ್ಚಿಕೊಂಡಳು, ಅಂಗೈ ಮಾತ್ರ ಇರುವ ಎಷ್ಟು ಫೋಟೊಗಳು ನನ್ನ ಹತ್ತಿರ, ಮುಖವಿರುವುದು ಇದೊಂದೇ. ಅದನ್ನೂ ಫೆಯೊ ಕೈಗೆ ಕೊಟ್ಟೆನಲ್ಲ. ತೀರಿಕೊಂಡ ಒಂಬತ್ತನೇ ದಿನದ ಪ್ರಾರ್ಥನೆಗೆ ಕಾರ್ಡು ಬೇಕಿತ್ತು, ಬಂದವರ ಕೈಗೆಲ್ಲ ಒಂದೊಂದು ಕೊಡಬೇಕು, ಬೇರೆಲ್ಲಿ ಹೋಗಲಿ, ತಲೆ ಎಲ್ಲಿ ನೆಟ್ಟಗಿತ್ತು ನನಗೆ, ಮೊಬೈಲನ್ನೇ ಅವನ ಮೇಜಿನ ಮೇಲಿಟ್ಟು ಕೂತುಬಿಟ್ಟೆ. ದುಡ್ಡು ಬೇಡ ದೊನ್ಯಾ ಎರ್ಸಿಲಿಯಾ, ನನ್ ಮಗು ಥರ ಅವಳು, ಮೂರು ತಾಸು ಕೂತು ಮುಖ ತಿಳಿ ಮಾಡಿದೀನಿ, ನೋಡಿ ಹೇಗಿದಾಳೆ, ಎಂದು ಕಣ್ಣೊರೆಸಿಕೊಂಡ ದೋನ್ ಫೆಯೊ, ನಿಜವಾಗಿ ಅತ್ತ, ಅವನ ಮೇಲೆ ಹೇಗೆ ಸಿಟ್ಟಾಗಲಿ, ನಾನು ಕೇಳಿದ್ದನ್ನೇ ತಾನೇ ಅವನು ಕೊಡುತ್ತಾ ಬಂದದ್ದು. ಹೆಂಗಸರೆಲ್ಲ ಕಾರ್ಡಿಗೆ ಮುತ್ತಿಟ್ಟರು, ಎಷ್ಟ್ ಚೆನ್ನಾಗಿದಾಳೆ ಅಂದರು, ನಾನು ಹೂಂ ಅಂದೆ, ದೊಡ್ಡದು ಮಾಡಿಸಿ ಗೋಡೆಗೂ ಹಾಕಿದೆ, ಹನ್ನೊಂದು ತಿಂಗಳಿಂದ ಬೆಳಗಿನ ಕಾಫಿ ಅದರ ಎದುರಿಗೇ ಕುಡಿಯುತ್ತೇನೆ, ಅದರ ಜೊತೆಗೇ ಮಾತಾಡುತ್ತೇನೆ.

ಗರ್ರ್. ಹಣೆಯ ಅಂಚು. ಕಂದು, ಅದರ ಮೇಲೆ ಬಿಸಿಲಿನ ಒಂದು ಚುಕ್ಕೆ. ನೂರಿಸ್ ಮಾತು ನಿಲ್ಲಿಸುತ್ತಿಲ್ಲ, ಸುಮ್ಮನಿದ್ದರೆ ನಾನು ಅತ್ತುಬಿಡುತ್ತೇನೆಂಬ ಭಯ ಅವಳಿಗೆ, ಒಂದ್ ವಿಷ್ಯ ದೊನ್ಯಾ, ಇದನ್ನ ಸುಮ್ನೆ ಇಟ್ಬಿಡ್ಬಾರ್ದು, ವಾರಕ್ಕೊಂದಾದ್ರೂ ಬಣ್ಣದ ಫೋಟೊ ತೆಗೀತಿರಿ, ಇಲ್ದಿದ್ರೆ ಶಾಯಿ ಒಣಗಿ ಬಾಯಿ ಕಟ್ಕೊಳ್ಳತ್ತೆ, ರಿಪೇರಿಗೆ ಹೊಸದರಷ್ಟೇ ಕೇಳ್ತಾರೆ, ಅದೇನ್ ಕಷ್ಟ ಅಲ್ಲ ಬಿಡಿ, ಮನೇಲಿ ಹುಟ್ಟುಹಬ್ಬ ಗಿಟ್ಟುಹಬ್ಬ — ಅಲ್ಲಿಗೆ ನಿಂತಳು, ಕೈ ಬಾಯಿಯ ಮೇಲೆ ಹೋಯಿತು, ಕ್ಷಮಿಸಿ ದೊನ್ಯಾ, ನನ್ ನಾಲಿಗೆಗೆ ಬೆಂಕಿ ಹಾಕ. ಪರವಾಗಿಲ್ಲ ನೂರಿಸ್, ಎನ್ನುತ್ತೇನೆ. ವಾರಕ್ಕೊಂದು. ಇರುವುದು ಒಂದು. ವಾರಕ್ಕೊಮ್ಮೆ ಇದನ್ನೇ ತೆಗೆಯುತ್ತೇನೆ, ವರ್ಷಕ್ಕೆ ಐವತ್ತೆರಡು ಯುದೆಲ್ಕಾ, ಎಲ್ಲರೂ ಹತ್ತೊಂಬತ್ತು ವರ್ಷದವರು, ಎಲ್ಲರ ಕೈಯಲ್ಲೂ ಅದೇ ಮೀನು, ಎಲ್ಲಿಡಲಿ ಅಷ್ಟು ಜನರನ್ನು — ಹುಬ್ಬು ಬಂತು, ಬಿಸಿಲಿಗೆ ಕಿರಿದು ಮಾಡಿದ ಕಣ್ಣು, ಮೂಗು, ನಗುವಿನ ಬಾಯಿ, ಕಂದು, ಎಲ್ಲ ಕಡೆಯೂ ಕಂದು, ಹಸಿರಿಲ್ಲ, ಹಾಲಿಲ್ಲ, ತಟ್ಟೆ ಬಂತು, ಹಾಳೆ ಪೂರ್ತಿ ಜಾರಿ ಹೊರಗೆ ಬಂದು ನಿಂತಿತು, ನೂರಿಸ್ ತುದಿ ಹಿಡಿದು ಕಿಟಕಿಯ ಬೆಳಕಿಗೆ ಎತ್ತಿದಳು, ಮೊಬೈಲನ್ನು ಪಕ್ಕದಲ್ಲಿ ಹಿಡಿದಳು, ನೋಡಿ, ಒಂದೇ ಥರ ಇದೆ, ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ. ಇಲ್ಲ. ನಿಜವಾಗಿಯೂ ಇಲ್ಲ. ಆಗಲೇ ನನ್ನೊಳಗೆ ಎದ್ದದ್ದು, ನಾನು ಎಬ್ಬಿಸಲಿಲ್ಲ, ದೇವರಾಣೆ ನಾನು ಎಬ್ಬಿಸಲಿಲ್ಲ, ಮೊಬೈಲಿನ ಸಣ್ಣ ಗಾಜಿನಲ್ಲಿ ಎಂದೂ ಅನ್ನಿಸದಿದ್ದದ್ದು — ಯಾರಿವಳು, ಇಷ್ಟು ಕಪ್ಪಿದ್ದಳೇ ನನ್ನ ಮಗಳು. ಗೋಡೆಯ ಮೇಲಿನವಳನ್ನು ನೋಡಿ ನೋಡಿ ನನ್ನ ಕಣ್ಣೇ ಹೀಗಾಯಿತೇ, ಹನ್ನೊಂದು ತಿಂಗಳಲ್ಲೇ, ಅಥವಾ ಅವಳು ಹುಟ್ಟಿದ ದಿನದಿಂದಲೂ ಹೀಗೇ ನೋಡಿದೆನೇ, ಸೂಲಗಿತ್ತಿ ಎದೆಯ ಮೇಲೆ ಮಲಗಿಸಿದಾಗ ಮೊದಲು ತಿರುಗಿಸಿ ನೋಡಿದ್ದು ಕಿವಿಯ ಅಂಚನ್ನು, ಮುಂದೆ ಎಷ್ಟು ಕಪ್ಪಾಗುತ್ತಾಳೆಂದು, ನಾವೆಲ್ಲ ನೋಡುವುದು ಅದನ್ನೇ, ಮುಖವನ್ನು ಆಮೇಲೆ ನೋಡಿದೆ, ಆಮೇಲೆ. ನೂರಿಸ್ ನನ್ನ ಮುಖ ನೋಡುತ್ತಿದ್ದಾಳೆ, ಪಾರ್ಲರಿಗೆ ಬರುವ ಹೆಂಗಸಲ್ಲವೇ, ಅರ್ಥಮಾಡಿಕೊಂಡುಬಿಟ್ಟಳು, ದನಿ ತಗ್ಗಿಸಿ ಪ್ರೀತಿಯಿಂದಲೇ ಕೇಳುತ್ತಾಳೆ, ಒಂಚೂರು ತಿಳಿ ಮಾಡ್ಲಾ ದೊನ್ಯಾ, ಇದ್ರಲ್ಲೂ ಬರತ್ತೆ. ಬೇಡ ಅನ್ನಬೇಕು. ಬೇಡ ಎಂಬ ಒಂದು ಮಾತಿಗಾಗಿಯೇ ಬಂದವಳು ನಾನು, ತುಟಿ ತೆರೆದಿದೆ, ಹೇಳು, ಹೇಳು — ಬೆರಳು ತಾನಾಗಿ ಮುಂದೆ ಹೋಗುತ್ತಿದೆ, ಮುಟ್ಬೇಡಿ ದೊನ್ಯಾ, ಇನ್ನೂ ಹಸಿ ಇದೆ, ಬಣ್ಣ ಕೈಗೆ ಬರತ್ತೆ — ಹಣೆ, ಹಣೆಯ ಮೇಲೆ ಬಿಸಿಲಿನ ಚುಕ್ಕೆ, ಸುತ್ತ ಕಂದು, ಹಸಿ, ಹಣೆ,