ಮೆಕಾಂಗ್ ತೀರದ ಗೃಹಪ್ರವೇಶ

ದ್ವಾರಕನಾಥರ ಬಾಯಿಗೆ ಬ್ರೇಕ್ ಇಲ್ಲ ಅನ್ನೋದು ಸಿಂಗಾಪುರದ ಸೆಂಬವಾಂಗಿನ ಕನ್ನಡದವರಿಗೆಲ್ಲ ಗೊತ್ತು. ಮೈಸೂರಲ್ಲಿ ಜೀವಮಾನವೆಲ್ಲ ಭೂಗೋಳ ಪಾಠ ಮಾಡಿದ ಬಾಯಿ ಅದು. ರಿಟೈರ್ ಆಗಿ ಮಗಳ ಮನೇಲಿ ಕೂತ್ರೂ ಸುಮ್ನಿರಲ್ಲ. ಆದ್ರೂ ಕಾಂತಪ್ಪನ ಹೊಸ ಫ್ಲ್ಯಾಟಿನ ಗೃಹಪ್ರವೇಶಕ್ಕೆ ಪುರೋಹಿತರು ಕೈಕೊಟ್ಟಾಗ, ಮಂತ್ರ ಬರುತ್ತೆ ಅಂತ ಇವರನ್ನೇ ಕರೆದ್ರು.

ಕಾಂತಪ್ಪನ ಹೆಂಡತಿ ಹರಿಣಾಕ್ಷಿಗೆ ಬೇಕಾಗಿದ್ದು ಒಂದೇ: ಹೊಸ ಒಲೆ ಮೇಲೆ ಹಾಲು ಪೂರ್ವಕ್ಕೆ ಉಕ್ಕಬೇಕು. ಉಡುಪೀಲಿ ಹಾಸಿಗೆ ಹಿಡಿದಿರೋ ಅವಳಮ್ಮ ಇದನ್ನೇ ಕಾಯ್ತಿದ್ಲು. ಹರಿಣಾಕ್ಷಿ ಪಾತ್ರೆಯಿಂದ ಕಣ್ಣು ಕೀಳದೆ ನಿಂತಿದ್ಲು.

ಆಚೆ ಟೀವಿ ಮುಂದೆ ಸಂಕಲ್ಪ ಹೇಳ್ತಿದ್ದ ದ್ವಾರಕನಾಥರು ‘ಗೋದಾವರ್ಯಾಃ ದಕ್ಷಿಣೇ ತೀರೇ’ ಅಂದವರು ಗಕ್ಕನೆ ನಿಲ್ಲಿಸಿಬಿಟ್ರು.

“ತಪ್ಪು ಕಣ್ರೀ! ಸಿಂಗಾಪುರದಲ್ಲಿ ಕೂತು ಎಂಥ ಗೋದಾವರಿ? ಹತ್ತಿರದ ದೊಡ್ಡ ನದಿ ಅಂತ ನಮಗೆ ಲೆಕ್ಕಕ್ಕೆ ಬರೋದು ಮೆಕಾಂಗ್! ಕಾಂತಪ್ಪ, ಟೀವೀಲಿ ಮ್ಯಾಪ್ ಹಾಕು. ಹರಿಣಾಕ್ಷಿ, ಬಾಮ್ಮ ಇಲ್ಲಿ. ಮನೆ ಯಜಮಾನಿಗೆ ಗೊತ್ತಿರಬೇಕು, ಯಾವ ತೀರದಲ್ಲಿದೀನಿ ಅಂತ.”

“ಅಂಕಲ್, ಹಾಲು...”

“ಹಾಲು ಎಲ್ಲೂ ಓಡಿಹೋಗಲ್ಲ. ಬಾ ಅಂದ್ರೆ!”

ಹಿರಿಯರ ಮಾತು. ಬಂದ್ಲು.

“ಟಿಬೆಟ್ಟಲ್ಲಿ ಹುಟ್ಟತ್ತೆ. ಚೀನಾದ ಯುನ್ನಾನಲ್ಲಿ ಬೆಟ್ಟ ಸೀಳ್ಕೊಂಡು ಇಳಿಯತ್ತೆ. ಲಾವೋಸಿಗೂ ಥಾಯ್ಲೆಂಡಿಗೂ ಮಧ್ಯೆ ಬೇಲಿ ಹಾಕ್ದಂಗೆ ಹರಿಯತ್ತೆ. ಕಾಂಬೋಡಿಯಾದಲ್ಲಿ ನೋಡಿ ಮಜಾ! ಮಳೆಗಾಲದಲ್ಲಿ ಇದು ಎಷ್ಟು ತುಂಬತ್ತೆ ಅಂದ್ರೆ, ಇದನ್ನ ಸೇರಬೇಕಾದ ಉಪನದೀನೇ ಉಲ್ಟಾ ತಿರುಗಿ ಸರೋವರಕ್ಕೆ ವಾಪಸ್ ಹೋಗತ್ತೆ!”

“ಅಂಕಲ್, ಏನೋ ಸ್ಮೆಲ್ ಬರ್ತಿದೆ ಲಾ,” ಅಂದ್ಲು ಸಿಂಗಾಪುರದ ಧಾಟೀಲಿ ಕಾಂತಪ್ಪನ ಮಗಳು ತೃಷಾ.

“ತಾಳು ಪುಟ್ಟಿ, ಇನ್ನೂ ವಿಯೆಟ್ನಾಂ ಬಂದಿಲ್ಲ.”

ಹರಿಣಾಕ್ಷಿ ಓಡಿದ್ಲು. ಹಿಂದೆ ಎಲ್ಲರೂ. ಹಾಲು ಉಕ್ಕಿ, ಚೆಲ್ಲಿ, ಪಾತ್ರೆ ತಳ ಹತ್ತಿ ಹೊಗೆ ಏಳ್ತಿತ್ತು. ಯಾರೂ ನೋಡಿರಲಿಲ್ಲ. ಅದೇ ಹೊತ್ತಿಗೆ ಉಡುಪಿಯಿಂದ ವಿಡಿಯೋ ಕಾಲ್.

“ಉಕ್ಕಿತಾ ಮಗಾ? ಯಾವ ಕಡೆಗೆ?”

ಟಿಬೆಟ್ಟಿಂದ ಹೊರಟ ನೀರು ಎಲ್ಲೆಲ್ಲಿ ತಿರುಗತ್ತೆ ಅಂತ ಗೊತ್ತಿದ್ದ ದ್ವಾರಕನಾಥರಿಗೆ, ಪಕ್ಕದ ರೂಮಿನ ಹಾಲು ಯಾವ ಕಡೆಗೆ ಹೋಯ್ತು ಅಂತ ಗೊತ್ತಿರಲಿಲ್ಲ.

ಹರಿಣಾಕ್ಷಿ ಯಾರ ಮುಖಾನೂ ನೋಡ್ಲಿಲ್ಲ. “ಪೂರ್ವಕ್ಕೇ ಅಮ್ಮ. ಚೆನ್ನಾಗಿ ಉಕ್ಕಿತು.”

“ಭೂಗೋಳದ ಮೇಷ್ಟ್ರೇ ಮಂತ್ರ ಹೇಳ್ತಾರೆ ಅಂದಿದ್ಯಲ್ಲ, ದಿಕ್ಕು ತಪ್ಪಲ್ಲ ಅಂತ ನಂಗೆ ಗೊತ್ತಿತ್ತು. ಅವರಿಗೆ ಕೊಡು, ಒಂದು ಕೈ ಮುಗೀತೇನೆ.”

ಫೋನು ದ್ವಾರಕನಾಥರ ಕೈಗೆ ಬಂತು. ದಿಂಬಿಗೊರಗಿದ ಮುದುಕಿ ಸಣಕಲು ಕೈ ಜೋಡಿಸಿ ನಗ್ತಿದ್ಲು. ಮೇಷ್ಟ್ರು ಅವಳ ಮುಖ ನೋಡೋಕಾಗದೆ ಕಣ್ಣು ತಗ್ಗಿಸಿದ್ರೆ, ಅಲ್ಲಿ ಒಲೆ. ನಾಲ್ಕೂ ಕಡೆ ಹರಿದು ಕರಿಕಟ್ಟಿದ ಹಾಲು.