ಮೀನಿಗೆ ಒಂದು ಓಟು

೧

ಎಲ್ಲಿಂದ ಶುರು ಮಾಡುವುದು?

"ಗಡಿಯಲ್ಲಿ ಹಿಮ ಸುರಿಯುತ್ತಿತ್ತು" ಎಂದು ಬರೆದೆ. ಹೊಡೆದುಹಾಕಿದೆ. ನಾನು ಹಿಮ ನೋಡಿದ್ದು ನಮ್ಮ ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಮಾತ್ರ, ಅದೂ ಪ್ಲಾಸ್ಟಿಕ್ ಚೀಲದೊಳಗಿನ ಬಂಗುಡೆ ಮೀನಿನ ಮೇಲೆ.

"ಪ್ರಜಾಪ್ರಭುತ್ವವೆಂದರೆ" ಎಂದು ಶುರು ಮಾಡಿದೆ. ಕುಮಟೆಯ ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಪೌರನೀತಿ ಕಲಿಸಿ ರಿಟೈರ್ ಆದವಳು ನಾನು. ಆ ಪದ ಬರೆದ ಕೂಡಲೇ ಹಿಂದಿನ ಬೆಂಚಿನಲ್ಲಿ ಯಾರೋ ಆಕಳಿಸಿದ ಹಾಗಾಯಿತು. ಅದನ್ನೂ ಬಿಟ್ಟೆ.

ಸರಿ, ಹೀಗೆ: ಈ ಕಥೆಯಲ್ಲಿ ಒಬ್ಬ ಸೈನಿಕನಿದ್ದಾನೆ ಮತ್ತು ಅವನು ಸಾಯುವುದಿಲ್ಲ. ಮೊದಲೇ ಹೇಳಿಬಿಟ್ಟರೆ ನಿಮ್ಮ ಬಿ.ಪಿ.ಗೂ ಒಳ್ಳೆಯದು, ನನ್ನದಕ್ಕೂ.

೨

ಆದದ್ದು ಇಷ್ಟು. ಉತ್ತರದ ಕಡೆ ಎಲ್ಲೋ ಇರುವ ಒಂದು ತುಕಡಿಯ ಸೈನಿಕರಿಗೆ ನಾಲ್ಕು ದಿನ ನಾಗರಿಕ ಶಿಕ್ಷಣದ ತರಗತಿ ನಡೆಯಿತು. ಸಂವಿಧಾನ, ಹಕ್ಕು, ಮತದಾನ ಇತ್ಯಾದಿ. ಅದು ಅವರ ತಲೆಗೆ ಹೋಯಿತೋ ಇಲ್ಲವೋ ಎಂದು ಅಳೆದು ವರದಿ ಕೊಡಿ ಎಂದು ಬೆಂಗಳೂರಿನ ಒಂದು ಸಂಸ್ಥೆ ನನಗೆ ಹೇಳಿತು. (ನನ್ನನ್ನೇ ಯಾಕೆ? ಅರ್ಜಿ ಹಾಕಿದವಳು ನಾನೊಬ್ಬಳೇ. ಕಥೆಗೆ ಇದು ಬೇಡದ ಸಂಗತಿ, ಆದರೆ ನನಗೆ ಸುಳ್ಳು ಬರುವುದಿಲ್ಲ. ಕಥೆ ಬರೆಯುವವಳು ಹೀಗೆ ಹೇಳಿದರೆ ನೀವು ನಂಬಬಾರದು.)

ಕೊರಿಯರ್‌ನಲ್ಲಿ ಎರಡು ವಸ್ತು ಬಂದವು. ಒಂದು, ಅರವತ್ತೊಂದು ಜನ ಸೈನಿಕರು ತುಂಬಿದ ಅರವತ್ತೊಂದು ಫಾರ್ಮು. ಯಾವುದರ ಮೇಲೂ ಹೆಸರಿಲ್ಲ. ಎರಡು, ಅಂಟಿಸಿ ಸೀಲು ಒತ್ತಿದ ಲಕೋಟೆ. ಕೊನೆಯ ದಿನ ಗುಪ್ತ ಮತದಾನವನ್ನು ಮಾಡಿ ತೋರಿಸಿದ್ದರಂತೆ. ಆ ಚೀಟಿಗಳು ಒಳಗಿದ್ದವು. ವಿಷಯ: ಭಾನುವಾರ ಮೆಸ್ಸಿನಲ್ಲಿ ವಿಶೇಷ ಅಡುಗೆ ಏನಾಗಬೇಕು? ಫಲಿತಾಂಶ ಲಕೋಟೆಯ ಮೇಲೆಯೇ ಇತ್ತು. ಕೋಳಿ ಮೂವತ್ತೆಂಟು, ಪನೀರು ಹದಿನೈದು, ಬಟಾಟೆ ಏಳು.

ಮೀನು, ಒಂದು.

೩

ಫಾರ್ಮಿನ ಇಪ್ಪತ್ತಮೂರನೇ ಪ್ರಶ್ನೆ: ತರಗತಿಯಲ್ಲಿ ನಿಮಗೆ ಸರಿ ಕಾಣದ್ದು ಏನಾದರೂ ಇದೆಯೇ?

ಅರವತ್ತು ಜನ ಬರೆದಿದ್ದರು: "ಇಲ್ಲ, ಸರ್." (ಹೆಸರೇ ಇಲ್ಲದ ಹಾಳೆಯಲ್ಲೂ ಸರ್!) ಒಬ್ಬ ಮಾತ್ರ ಎಲ್ಲರಂತೆ ಹಿಂದಿಯಲ್ಲೇ, ಆದರೆ ಆರು ಸಾಲು ಬರೆದಿದ್ದ. ಅದರ ಸಾರಾಂಶ ಇದು: ಮೀನಿಗೆ ಒಂದೇ ಓಟು ಎಂದು ಓದಿದ ಕೂಡಲೇ ಎಲ್ಲರೂ ಕರಾವಳಿಯ ಒಬ್ಬನ ಕಡೆ ತಿರುಗಿ "ಹೊನ್ನಾವರ! ಹೊನ್ನಾವರ!" ಎಂದು ಕೂಗಿ ನಕ್ಕರು, ಸುಬೇದಾರ್ ಸಾಹೇಬರೂ ನಕ್ಕರು, ಪಾಠ ಮಾಡಿದವರೂ ನಕ್ಕರು, ಹಾಗಾದರೆ ಇದು ಎಂಥ ಗುಪ್ತ ಮತದಾನ?

ನಾನು ಕುರ್ಚಿಯಿಂದ ಎದ್ದು ಒಂದು ಸುತ್ತು ಕುಣಿದೆ. ಮಂಡಿನೋವು ಇದೆ, ಹಾಗಾಗಿ ಅರ್ಧ ಸುತ್ತು. ತರಗತಿ ಸೋತಿದೆ ಎನ್ನುವುದಕ್ಕೆ ಈ ಹಾಳೆಯೇ ಸಾಕ್ಷಿ. ತರಗತಿ ಗೆದ್ದಿದೆ ಎನ್ನುವುದಕ್ಕೂ ಇದೇ ಸಾಕ್ಷಿ; ಅರವತ್ತು "ಇಲ್ಲ ಸರ್"ಗಳ ನಡುವೆ ಒಬ್ಬನಾದರೂ ಪ್ರಶ್ನೆ ಕೇಳಿದನಲ್ಲ! ಮೌಲ್ಯಮಾಪನ ಮಾಡುವವರಿಗೆ ಇದಕ್ಕಿಂತ ದೊಡ್ಡ ಹಬ್ಬ ಇಲ್ಲ.

೪

ಬರೆದವನು ಆ ಹೊನ್ನಾವರದವನೇ ಎಂಬುದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ಮರುದಿನ ಬೆಳಿಗ್ಗೆ ಕುಮಟೆಯಿಂದ ಬಸ್ ಹತ್ತಿ ಹೊನ್ನಾವರದ ಮೀನುಪೇಟೆಯಲ್ಲಿ ನಿಂತೆ. (ಮೂವತ್ತೊಂದು ವರ್ಷ ಗುಪ್ತ ಮತದಾನದ ಪಾಠ ಮಾಡಿದವಳು ಅದರ ಗುಟ್ಟು ಒಡೆಯಲು ಟಿಕೆಟ್ ತೆಗೆಸಿ ಹೋದಳು. ಬೈಯಿರಿ. ಬೈಸಿಕೊಳ್ಳಲೆಂದೇ ಬರೆಯುತ್ತಿದ್ದೇನೆ.)

"ಮಿಲಿಟ್ರಿಯಲ್ಲಿರೋ ಹುಡುಗ್ರು ಯಾರ ಮನೇಲಿದ್ದಾರೆ?" ಎಂದು ಫೈಲು ಹಿಡಿದು ಕೇಳಿದೆ.

ಮೀನು ಕೊಯ್ಯುತ್ತಿದ್ದ ಒಬ್ಬ ಹೆಂಗಸು ಎದ್ದು ನಿಂತಳು. ಕೈಯಲ್ಲಿ ಕತ್ತಿ ಹಾಗೇ ಇತ್ತು.

"ನನ್ ಮಗ. ಎಂತ ಆತು ಅವಂಗೆ?"

ಫೈಲು ಹಿಡಿದ ಅಪರಿಚಿತ ಹೆಂಗಸು ಬಂದು ಹೀಗೆ ಕೇಳಿದರೆ ಸೈನಿಕನ ತಾಯಿಗೆ ಅದರ ಅರ್ಥ ಏನು ಎಂದು ನನಗೆ ಆಗ ಹೊಳೆಯಿತು. "ಏನೂ ಆಗ್ಲಿಲ್ಲ! ಮೀನಿನ ವಿಷಯ, ಬರೀ ಮೀನಿನ ವಿಷಯ!" ಎಂದು ಪೇಟೆಗೆಲ್ಲ ಕೇಳುವ ಹಾಗೆ ಕಿರುಚಿದೆ. ಆ ಕ್ಷಣಕ್ಕೆ ನನಗೆ ಈಗಲೂ ನಾಚಿಕೆಯಾಗುತ್ತದೆ.

"ಅದ್ನ ಮೊದ್ಲೇ ಹೇಳೂಕೆ ಎಂತ ಆಗಿತ್ತು ಅಕ್ಕೋರೆ?" ಎಂದು ಆ ತಾಯಿ, ದುರ್ಗಿ ಅವಳ ಹೆಸರು, ಕುಕ್ಕರಿಸಿ ಕೂತಳು. ನಮ್ಮ ಕಡೆ ಟೀಚರನ್ನು ಅಕ್ಕೋರು ಎನ್ನುವುದು ರೂಢಿ. ಅವಳಿಗೆ ನಾನು ಟೀಚರು ಎಂದು ಹೇಗೆ ಗೊತ್ತಾಯಿತು? "ಬೊಬ್ಬೆ ಹೊಡದ್ ಚಂದ ನೋಡ್ದ್ರೇ ಗೊತ್ತಾಗ್ತದೆ" ಎಂದಳು.

ಮಗ ವಿಶಾಲ ರಜೆಯ ಮೇಲೆ ಊರಿಗೆ ಬಂದಿದ್ದಾನೆ, ಹಳದೀಪುರದ ಮನೆಯಲ್ಲೇ ಇದ್ದಾನೆ, ಫೈಲು ಕಂಡ ಗಾಬರಿಗೆ ಅದೂ ಮರೆತುಹೋಗಿತ್ತು ಎಂದು ಹೇಳಿ ಬುಟ್ಟಿ ಎತ್ತಿಕೊಂಡು ನನ್ನ ಜೊತೆಗೇ ಹೊರಟಳು.

೫

ಆಜಾನುಬಾಹುವಾದ ವೀರಯೋಧ ವಿಶಾಲ ಅಂಗಳದಲ್ಲಿ...

"ಮೇಡಂ, ನಾನು ಐದೂವರೆ ಅಡಿ. ಕಷ್ಟಪಟ್ಟು ಸೆಲೆಕ್ಟ್ ಆದವ."

ಐದೂವರೆ ಅಡಿಯ ವೀರಯೋಧ ವಿಶಾಲ...

"ವೀರ ಬೇಡ. ನಾಯಕ್ ಅಂತ ಬರೀರಿ, ಅದು ನನ್ನ ರ‍್ಯಾಂಕ್."

ನಾಯಕ್ ವಿಶಾಲ ಅಂಗಳದಲ್ಲಿ ತಾಯಿಯ ಮಿಕ್ಸರ್ ಬಿಚ್ಚಿಕೊಂಡು ಕೂತಿದ್ದ. (ಪಾತ್ರಗಳಿಗೆ ಹಕ್ಕುಗಳ ಪಾಠ ಮಾಡಿದರೆ ಹೀಗೇ ಆಗುವುದು.) ಹಾಳೆ ತೋರಿಸಿದೆ. ಗುರುತಿಸಿದ. ಬರೆದವನು ತಾನೇ ಎಂದು ಒಪ್ಪಿದ. ಸ್ಕ್ರೂಡ್ರೈವರ್ ಕೆಳಗಿಟ್ಟ.

"ಇದೊಂದು ಹಾಳೆ ತೆಗೆದುಬಿಡಿ ಮೇಡಂ. ನಿಮ್ಮ ವರದಿ ನಮ್ಮ ಯೂನಿಟ್ಟಿಗೇ ಬರ್ತದೆ. ಹೊನ್ನಾವರ ಅಂತ ಇದ್ರೆ ಬರ್ದವ ನಾನೇ ಅಂತ ಯಾರ್ ಬೇಕಾದ್ರೂ ಹೇಳ್ತಾರೆ. ಸಾಹೇಬ್ರು ನಕ್ರು ಅಂತ ಬೇರೆ ಬರ್ದಿದ್ದೇನೆ. ಈ ವರ್ಷ ಹವಾಲ್ದಾರ್ ಆಗೂ ಸರದಿ ನಂದು."

"ಆದರೆ ನನ್ನ ಹತ್ರ ಇರೋ ಸಾಕ್ಷಿ ಇದೊಂದೇ!"

"ನನ್ನ ಹತ್ರ ಇರೋ ನೌಕ್ರಿನೂ ಇದೊಂದೇ."

೬

ಇಲ್ಲಿ ಕಥೆಗೆ ಕೆಲವು ಮುಕ್ತಾಯಗಳು ಸಿಗುತ್ತವೆ. ನೋಡಿ ಆರಿಸಿಕೊಳ್ಳಿ.

(ಅ) ಹಾಳೆ ತೆಗೆಯುತ್ತೇನೆ. ವರದಿ ಹೋಗುತ್ತದೆ: ತರಗತಿ ಅತ್ಯುತ್ತಮ. ಲೋಪ ಏನಾದರೂ? ಇಲ್ಲ, ಸರ್.

(ಆ) ಹಾಳೆ ಇಡುತ್ತೇನೆ. ವಿಶಾಲನ ಬಡ್ತಿ ತಪ್ಪುತ್ತದೆ. ಕಥೆಗೆ ಬಹುಮಾನ ಬರುತ್ತದೆ.

"ಆ ಎರಡನೇದ್ ಬರದ್ರೆ," ಎಂದಳು ದುರ್ಗಿ, "ಹೊನ್ನಾವರ ಪೇಟೇಲಿ ನಿಮ್ಗೆ ತಾಜಾ ಮೀನು ಸಿಗೂದಿಲ್ಲ ಅಕ್ಕೋರೆ. ಹೇಳಿಟ್ಟಿದ್ದೇನೆ."

(ಇ) ಸುಬೇದಾರರು ಹಾಳೆ ಓದಿ ಕಣ್ಣೀರು ಹಾಕುತ್ತಾರೆ. ಇದನ್ನು ಕೇಳಿ ವಿಶಾಲ ಎಷ್ಟು ನಕ್ಕನೆಂದರೆ ಮಿಕ್ಸರಿನ ಸ್ಪ್ರಿಂಗು ಎಲ್ಲಿಗೋ ಹಾರಿತು. ಮೂವರೂ ಸೇರಿ ಹುಡುಕಿದೆವು.

(ಈ) ಗುರುತು ಮರೆಸಿ ಹೊನ್ನಾವರದ ಬದಲು ಮುರ್ಡೇಶ್ವರ ಎಂದು ಬರೆಯಲೇ? ಭಟ್ಕಳ? "ಬ್ಯಾಡ," ಎಂದಳು ದುರ್ಗಿ. "ಅಲ್ಲಿ ನಮ್ ಸಂಬಂಧಿಕ್ರಿದ್ದಾರೆ. ದುರ್ಗಿ ಮಗನ್ನ ನೀವ್ ಯಾವಾಗ ದತ್ತು ತಕಂಡ್ರಿ ಅಂತ ಅವ್ರನ್ನ ಜನ ಕೇಳ್ತಾರೆ."

೭

ಸ್ಪ್ರಿಂಗು ತುಳಸಿಕಟ್ಟೆಯ ಹಿಂದೆ ಸಿಕ್ಕಿತು. ಆ ಖುಷಿಯಲ್ಲಿ ನಾನು ಕೊನೆಯ ಅಸ್ತ್ರ ಬಿಟ್ಟೆ: ಹೊಗಳಿಕೆ.

"ವಿಶಾಲ, ಅರವತ್ತು ಜನ ಒಂದು ಕಡೆ ಇದ್ದರೂ ನೀನು ನಿನ್ನ ಮೀನನ್ನ ಬಿಟ್ಟುಕೊಡಲಿಲ್ಲ. ಅಂಥ ಓಟು ಹಾಕಿದವನು ಒಂದು ಹಾಳೆಗೆ ಹೆದರಬಾರದು."

ಅವನು ಮಿಕ್ಸರನ್ನೇ ನೋಡುತ್ತಿದ್ದ.

"ಮೇಡಂ... ನಾನು ಬಟಾಟೆಗೆ ಹಾಕಿದ್ದೆ."

ನನ್ನ ಪೆನ್ನು ನಿಂತಿತು. ದುರ್ಗಿಯ ಕೈಯಲ್ಲಿದ್ದ ಚಹಾದ ಲೋಟವೂ ನಿಂತಿತು.

"ಬಟಾಟೆಗಾ!" ಎಂದಳು. "ಈ ಕೈಯಲ್ಲಿ ಮೀನ್ ಮಾರಿ ನಿನ್ನ ಸಾಕಿದ್ದು! ಬಟಾಟೆಗೆ ಓಟು ಹಾಕಿ ಬಂದ್ಯಾ ಮಗಾ?"

"ಮೀನು ಅಂತ ಬರದ್ರೆ ನಂದೇ ಅಂತ ಎಲ್ಲರಿಗೂ ಗೊತ್ತಾಗ್ತಿತ್ತಲ್ಲ ಅವ್ವಿ. ಹೆದರ‍್ದೆ. ಆದ್ರೂ ಎಲ್ರೂ ನನ್ನೇ ನೋಡಿ ನಕ್ರು. ನಂದಲ್ಲ ಅಂತ ಹೇಳೂಕೂ ಬರೂದಿಲ್ಲ. ಗುಪ್ತ ಅಂದ್ಮೇಲೆ ಅದೂ ಹೇಳೂಹಾಂಗಿಲ್ಲ."

"ಹಾಗಾದರೆ ಮೀನಿಗೆ ಹಾಕಿದ್ದು ಯಾರು?" ಎಂದೆ ನಾನು.

"ಗೊತ್ತಿಲ್ಲ. ನಮ್ಮಲ್ಲಿ ಬಂಗಾಳಿ ಇಲ್ಲ, ಮಲಯಾಳಿ ಇಲ್ಲ. ಮೀನಿನ ವಾಸ್ನೆ ಬಂದ್ರೆ ಎದ್ದು ಹೋಗೋರೇ ಎಲ್ಲ." ಸ್ಪ್ರಿಂಗನ್ನು ಮಿಕ್ಸರಿನೊಳಗೆ ಕೂರಿಸಿದ. "ದಿನಾ ಬಂಗುಡೆ ಸುದ್ದಿ ಹೇಳ್ತಿದ್ದೆ. ಯಾರೋ ಒಬ್ಬವ ಕೇಳ್ಸಿಕಂಡಿದ್ದ."

ಹೆದ್ದಾರಿಯಲ್ಲಿ ಬಸ್ಸೊಂದು ಹಾರ್ನು ಹೊಡೆಯುತ್ತ ಹೋಯಿತು.

"ಹಾಳೆ ಇರ್ಲಿ ಮೇಡಂ," ಎಂದ ಕೊನೆಗೆ. "ಅವ ನನಗಾಗಿ ಮೀನು ಅಂತ ಬರ್ದಿದ್ದಾನೆ. ನಾನು ಬರ್ದ ಆರು ಸಾಲಾದ್ರೂ ಇರ್ಲಿ. ಹವಾಲ್ದಾರ್ ಆದ್ರೆ ಆದೆ, ಇಲ್ಲದಿದ್ರೆ ನಾಯಕ್ ಇದ್ದೇ ಇದ್ದೇನೆ."

೮

ಈಗ ನನ್ನ ಪಜೀತಿ ನೋಡಿ. ಆ ಮತದಾನ ಸಂಪೂರ್ಣ ಗುಪ್ತವಾಗಿಯೇ ನಡೆದಿತ್ತು! ಇಡೀ ತುಕಡಿ ಊಹಿಸಿತು, ಸುಬೇದಾರರು ಊಹಿಸಿದರು, ಪೌರನೀತಿಯ ಅಕ್ಕೋರು ಬಸ್ ಹತ್ತಿ ಬಂದು ಊಹಿಸಿದರು. ಎಲ್ಲರೂ ಫೇಲು. ಮೀನುಗಾರ್ತಿಯ ಮಗ ಮೀನಿಗೇ ಹಾಕುತ್ತಾನೆ ಎಂದು ಬಗೆದವಳು ಮೂವತ್ತೊಂದು ವರ್ಷ ಮಕ್ಕಳಿಗೆ ಏನು ಕಲಿಸಿದಳೋ, ದೇವರೇ ಬಲ್ಲ.

ಅಷ್ಟರಲ್ಲಿ ಲಕೋಟೆಯ ನೆನಪಾಯಿತು. ಚೀಟಿಗಳು ನನ್ನ ಚೀಲದಲ್ಲೇ ಇವೆ. ಫಾರ್ಮುಗಳೂ ಇವೆ. ಅಕ್ಷರಕ್ಕೆ ಅಕ್ಷರ ಹೋಲಿಸಿದರೆ ಹತ್ತೇ ನಿಮಿಷ. ಕೈ ಚೀಲದೊಳಗೆ ಹೋಯಿತು.

(ನೀವೂ "ಒಡೆಯಿರಿ, ಒಡೆಯಿರಿ" ಎನ್ನುತ್ತಿದ್ದೀರಿ. ನನಗೆ ಕೇಳಿಸುತ್ತಿದೆ.)

ದುರ್ಗಿ ನನ್ನ ಮಣಿಕಟ್ಟು ಹಿಡಿದಳು. ಮೀನು ಕೊಯ್ದ ಕೈ, ಬಲವಾಗಿತ್ತು.

"ಒಡೀಬ್ಯಾಡಿ ಅಕ್ಕೋರೆ. ಗೊತ್ತಾದ್ರೆ ಅವ ಒಬ್ಬಂಗೇ ಬಂಗುಡೆ ಕಳಿಸ್ಬೇಕಾಗ್ತದೆ. ಗೊತ್ತಿಲ್ಲದಿದ್ರೆ ಅರವತ್ತೂ ಜನ ನನ್ ಮಗನ ದೋಸ್ತಿಗಳೇ."

ಹಾಗೆಂದು ಒಳಗೆ ಹೋಗಿ ಒಣಬಂಗುಡೆಯ ಡಬ್ಬ ಇಳಿಸಿದಳು. ಅದು ಸಾಲದೆಂದು ಪಕ್ಕದ ಮನೆಯ ತಿಮ್ಮಕ್ಕನನ್ನು ಕೂಗಿದಳು.

೯

ಕಳೆದ ಬುಧವಾರ ಹೊನ್ನಾವರ ಸ್ಟೇಷನ್ನಿನಲ್ಲಿ ನಾಯಕ್ ವಿಶಾಲ ಒಂದು ಟ್ರಂಕು ಮತ್ತು ಒಂದು ಗೋಣಿಚೀಲದೊಂದಿಗೆ ರೈಲು ಹತ್ತಿದ. ಗೋಣಿಯ ವಾಸನೆಗೆ ಬೋಗಿಯಲ್ಲಿ ಅವನಿಗೆ ಇಡೀ ಬೆಂಚು ಸಿಕ್ಕಿತು.

ಹವಾಲ್ದಾರ್ ಆದನೇ? ಮೆಸ್ಸಿನಲ್ಲಿ ಎಷ್ಟು ಜನ ಎದ್ದು ಹೋದರು, ಎಷ್ಟು ಜನ ಕೂತರು? ನಾನು ಬರೆಯುವುದಿಲ್ಲ. ಪೀಡಿಸಬೇಡಿ. ಲಕೋಟೆ ಸೀಲಿನ ಸಮೇತ ನನ್ನ ಕಪಾಟಿನಲ್ಲಿದೆ, ಬೀಗದ ಕೈ ದುರ್ಗಿಯ ಹತ್ತಿರ ಇದೆ. ಮೀನು ತರಲು ಹೋದಾಗಲೆಲ್ಲ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದನ್ನು ಬೇಕೆಂದೇ ತೋರಿಸುತ್ತಾಳೆ.

ವರದಿ ಕಳಿಸಿದೆ. ಆರು ಸಾಲಿನ ಹಾಳೆ ಅದರಲ್ಲಿದೆ. ಕೊನೆಯ ಕಾಲಮ್ಮಿನಲ್ಲಿ "ತರಗತಿಯಿಂದ ಆದ ಪರಿಣಾಮ" ಎಂದು ಕೇಳಿದ್ದರು. ಬಹಳ ಯೋಚಿಸಿ, ಆದದ್ದನ್ನೇ ಬರೆದೆ:

ಮೀನಿಗೆ ಓಟು ಹಾಕಿದವನು ಒಬ್ಬ. ಯಾರೆಂದು ಗೊತ್ತಾಗಲಿಲ್ಲ. ಅರವತ್ತು ಜನರಿಗೂ ಒಣಬಂಗುಡೆ ಕಳಿಸಲಾಗಿದೆ.