ಕರುಣರಸಕ್ಕೆ ಹತ್ತು ಅಂಕ

ಸೇಲಂನಲ್ಲಿರುವ ನಮ್ಮ ಸಮಾಜದ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಈ ವರ್ಷ ಉಳಿದಿದ್ದದ್ದು ಒಂದೇ ಉಚಿತ ಸೀಟು. ಅದಕ್ಕೆ ಯಾರು ಯೋಗ್ಯರೆಂದು ಅಳೆಯಲು ಇಬ್ಬರನ್ನು ಕೂರಿಸಿದ್ದರು. ಒಬ್ಬರು ನಿವೃತ್ತ ಪ್ರೊಫೆಸರ್ ವೆಂಕಟರಾಮ, ಇನ್ನೊಬ್ಬಳು ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತಳಾದ ನಾನು, ಕಮಲಿನಿ.

ವೆಂಕಟರಾಮರಿಗೆ ಹಳೆಯ ಕಾವ್ಯದ ದುಃಖವೆಂದರೆ ಹಬ್ಬದೂಟ. ಕಾಡುಪಾಲಾದ ರಾಣಿಯೋ, ಮಗನನ್ನು ಕಳೆದುಕೊಂಡ ತಾಯಿಯೋ, ಯಾರಾದರೂ ಅತ್ತರೆ ಸಾಕು, ಇವರು ಬಾಯಿ ಚಪ್ಪರಿಸುತ್ತಾರೆ. ಮನೆಯಲ್ಲಿ ಹೆಂಡತಿ ಮಂಡಿನೋವು ಎಂದರೆ ಟಿವಿ ಸೌಂಡು ಜಾಸ್ತಿ ಮಾಡುವ ಆಸಾಮಿ. ಇಂಥವರು ‘ಸಾಮರ್ಥ್ಯ ಮಾಪನ’ ಎಂದೊಂದು ಹಾಳೆ ತಯಾರಿಸಿದ್ದರು. ಅದರಲ್ಲಿ ಕರುಣರಸವನ್ನು ಗ್ರಹಿಸುವ ಶಕ್ತಿಗೆ ಹತ್ತು ಅಂಕ. ಮನುಷ್ಯರನ್ನು ಅಳೆಯಲೇಬಾರದು ಎನ್ನುವವಳಲ್ಲ ನಾನು, ಮೂವತ್ತು ವರ್ಷ ಅಳೆದಿದ್ದೇನೆ. ಆದರೆ ಸೊಟ್ಟ ಕೋಲು ಹಿಡಿದು ಅಳೆಯುವವರನ್ನು ಕಂಡರೆ ಮೈ ಉರಿಯುತ್ತದೆ.

ಮೊದಲು ಬಂದವಳು ಆತ್ತೂರಿನ ತನ್ಮಯಿ. ರಾಣಿಯನ್ನು ಕಾಡಿಗೆ ಬಿಟ್ಟ ಭಾಗವನ್ನು ಕಂಠ ನಡುಗಿಸಿ ಹೇಳಿ, ಸರಿಯಾದ ಜಾಗದಲ್ಲಿ ಕರ್ಚೀಫು ತೆಗೆದಳು. ಒಂಬತ್ತು ಅಂಕ ಬಿತ್ತು.

ಎರಡನೆಯವಳು ಪಾಲಮಲೆಯ ಮೇನಕಾ. ಬೆಟ್ಟದ ಮೇಲಿಂದ ದಿನಾ ಕಾಲೇಜಿಗೆ ಬರುವುದು ಆಗದ ಮಾತು. ಸೀಟು ಸಿಗದಿದ್ದರೆ ಅವಳ ಓದು ಅಲ್ಲಿಗೇ ಮುಗಿಯಿತು. ಅವಳು ಬಂದದ್ದೇ ಒಂದು ಗಂಟೆ ತಡವಾಗಿ.

“ಯಾಕಮ್ಮ ಲೇಟು?” ಎಂದರು ವೆಂಕಟರಾಮ.

“ನಮ್ಮತ್ತಿಗೆಗೆ ಎರಿಗೆ ನೋವು ಬಂತು ಸಾರ್. ಮಳೆಗೆ ರೋಡ್ ಕೆಟ್ಟೋಗೈತೆ. ಜೋಲಿ ಕಟ್ಟಿ ನಾಕ್ ಜನ ಎತ್ಕೊಂಡು ಇಳ್ದೊ. ಕೆಳಗೆ ಆಸ್ಪತ್ರೀಲಿ ಅಡ್ಮಿಟ್ ಮಾಡಿ ಬಸ್ ಇಡ್ದೆ.”

ವೆಂಕಟರಾಮ ಹಾಳೆಯಲ್ಲಿ ‘ಶ್ರದ್ಧೆ’ಯ ಮುಂದೆ ಸೊನ್ನೆ ಸುತ್ತಿ ಅದೇ ರಾಣಿಯ ಪ್ರಶ್ನೆ ಕೇಳಿದರು. ತುಂಬು ಬಸುರಿ, ಕಾಡಿನಲ್ಲಿ ಒಬ್ಬಳೇ. ಅವಳ ದುಃಖವೇನು?

ಮೇನಕಾ ಸ್ವಲ್ಪ ಯೋಚಿಸಿದಳು. “ಪುಸ್ತಕದಾಗೆ ಅವ್ಳು ಗಂಡನ್ನ ನೆನ್ಸಿ ಅಳ್ತಾಳೆ ಸಾರ್. ನೋವು ಬಂದೋಳು ಗಂಡನ್ನ ನೆನ್ಸಲ್ಲ. ನೀರು ಕೇಳ್ತಾಳೆ, ಕೈ ಇಡ್ಕೊ ಅಂತಾಳೆ. ಬರ್ದೋರು ಪಕ್ಕದಾಗೆ ಇರ್ಲಿಲ್ಲ ಅನ್ಸುತ್ತೆ.”

ನಲವತ್ತು ವರ್ಷ ಕರುಣರಸದ ಪಾಠ ಹೇಳಿದವರ ತಲೆಗೆ ಇದು ಒಂದು ದಿನವೂ ಹೊಳೆದಿರಲಿಲ್ಲ.

ಅವಳು ಹೊರಗೆ ಹೋದ ಮೇಲೆ, “ಹೃದಯವೇ ಇಲ್ಲದ ಹುಡುಗಿ” ಎಂದು ಮೂರು ಅಂಕ ಬರೆದು, ಅವರು ಹಾಳೆಯನ್ನು ನನ್ನತ್ತ ತಳ್ಳಿದರು. ನನ್ನ ಸಹಿಯಿಲ್ಲದೆ ಅದು ನಡೆಯುವಂತಿರಲಿಲ್ಲ. ಆದರೆ ವಾದಕ್ಕಿಳಿದರೆ ಈ ಮಹಾಶಯರು ಒಂದು ಗಂಟೆ ಶ್ಲೋಕ ಹೇಳುತ್ತಾರೆ. ಆಗಲೇ ಎರಡು ಗಂಟೆ, ನನಗೆ ಹಸಿವು. ಸಹಿ ಹಾಕಿಬಿಟ್ಟೆ.

ಮೇನಕಾ ವರಾಂಡದಲ್ಲೇ ನಿಂತಿದ್ದಳು. ನನ್ನ ಮುಖ ನೋಡಿಯೇ ಅವಳಿಗೆ ತಿಳಿಯಿತು. “ಮೇಡಂ, ನಾನ್ ಏನ್ ತಪ್ಪೇಳ್ದೆ?”

ವೆಂಕಟರಾಮರನ್ನು ಇಷ್ಟೊತ್ತು ಆಡಿಕೊಂಡ ಇದೇ ಬಾಯಲ್ಲಿ, “ಭಾವ ಸ್ವಲ್ಪ ಕಮ್ಮಿಯಾಯ್ತಮ್ಮ” ಎಂದೆ.

ಅವಳು ನನ್ನನ್ನೇ ನೋಡಿದಳು. ಅಳಲಿಲ್ಲ. “ಆಗ್ಲಿ ಮೇಡಂ. ನಿಮ್ ಕೈ ನಡುಗ್ತಾ ಐತೆ. ಮೊದ್ಲು ಓಗಿ ಏನಾದ್ರೂ ತಿನ್ನಿ.”